ಪೆಟ್ಟು ಕೊಟ್ಟವರಿಗೆ ನಮಸ್ಕಾರ

ಪರ್ತ್ ನಗರದ ಉತ್ತರಕ್ಕಿರುವ ಜೂಂಡಲಪ್‌ನಲ್ಲಿ ಗೋಪಾಲಕೃಷ್ಣನನ್ನು ಬಲ್ಲ ಕನ್ನಡಿಗರೆಲ್ಲ ಒಂದು ವಿಷಯದಲ್ಲಿ ಎಚ್ಚರವಾಗಿದ್ದರು. ಅವನ ಜೊತೆ ಯಾರೂ ವಾದಕ್ಕೆ ಇಳಿಯುತ್ತಿರಲಿಲ್ಲ. ಹಾಗಂತ ಅವನು ಕೆಟ್ಟವನೇನಲ್ಲ. ಯಾರಾದರೂ ಮನೆ ಬದಲಾಯಿಸಿದರೆ ಮಂಚ ಹೊರಲು ಮೊದಲು ಬಂದು ನಿಲ್ಲುವವನು ಅವನೇ. ಹೊಸದಾಗಿ ವೀಸಾ ಹಿಡಿದು ಬಂದಿಳಿದವರನ್ನು ವಿಮಾನ ನಿಲ್ದಾಣದಿಂದ ಕರೆತಂದು ಮೊದಲ ವಾರ ಊಟ ಹಾಕುವವನೂ ಅವನೇ. ಆದರೆ ಮಾತಿಗೆ ಕೂತರೆ ಕೊನೆಯ ಮಾತು ಅವನದೇ ಆಗಬೇಕು. ಗಣಿ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್‌ನ ತಪ್ಪು ಹುಡುಕುವುದು ಅವನ ಕೆಲಸ. ಇಪ್ಪತ್ತೆರಡು ವರ್ಷ ತಪ್ಪು ಹುಡುಕಿ ಹುಡುಕಿ ಆ ಕಣ್ಣು ಎಷ್ಟು ಪಳಗಿತ್ತೆಂದರೆ, ಆಫೀಸಿನಿಂದ ಮನೆಗೆ ಬಂದ ಮೇಲೂ ಅದು ಮುಚ್ಚುತ್ತಿರಲಿಲ್ಲ.

ಈ ಗುಣದಿಂದ ಅವನು ಕಳೆದುಕೊಂಡದ್ದು ಒಬ್ಬ ಗೆಳೆಯನನ್ನು. ಡಾಕ್ಟರ್ ನಟರಾಜ್ ಮೈಸೂರಿನ ಸರಸ್ವತಿಪುರಂನಲ್ಲಿ ಅವನ ಪಕ್ಕದ ಬೀದಿಯವನು. ಇಬ್ಬರೂ ಒಂದೇ ವರ್ಷ ಪರ್ತ್‌ಗೆ ಬಂದು, ಒಂದೇ ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿ, ಆಮೇಲೆ ಎರಡು ಬೀದಿ ಅಂತರದಲ್ಲಿ ಮನೆ ಮಾಡಿದವರು. ಎಂಟು ವರ್ಷದ ಹಿಂದೆ ನಟರಾಜನಿಗೆ ಅಡಿಲೇಡ್‌ನ ಮಾಡ್ಬರಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಬೀಳ್ಕೊಡುಗೆಗೆಂದು ಕೆರೆಯ ಪಕ್ಕದ ಪಾರ್ಕಿನಲ್ಲಿ ಮೂವತ್ತು ಜನ ಸೇರಿದ್ದರು. ಗೋಪಾಲಕೃಷ್ಣನ ಹೆಂಡತಿ ವಿಶಾಲಾಕ್ಷಿ, ಎರಡೂ ಸಂಸಾರ ಸೇರಿ ಮಾಡಿದ್ದ ಪ್ರವಾಸವೊಂದರ ಕಥೆ ಹೇಳತೊಡಗಿದಳು. ಶನಿವಾರ ಅಂದಳು, ಅವನು ಭಾನುವಾರ ಅಂತ ತಿದ್ದಿದ. ಬಿಳಿ ಕಾರು ಅಂದಳು, ಬೂದುಬಣ್ಣ ಅಂದ. ನಾಲ್ಕನೆಯ ಸಲ ತಿದ್ದಿದಾಗ ಅವಳು ಕಥೆ ಬಿಟ್ಟು ಕಲ್ಲಂಗಡಿ ಹಣ್ಣು ಹೆಚ್ಚಲು ಎದ್ದುಹೋದಳು. ಆಗ ನಟರಾಜ್, ಎಲ್ಲರ ಎದುರಿಗೇ, ನಗದೆ ಹೇಳಿದ:

“ನಿಂಗೆ ಗೆಲ್ಲೋದು ಚೆನ್ನಾಗಿ ಗೊತ್ತು ಗೋಪಿ. ಕೇಳಿಸ್ಕೊಳ್ಳೋದು ಗೊತ್ತಿಲ್ಲ. ಇಷ್ಟು ವರ್ಷದಿಂದ ನೋಡ್ತಿದೀನಿ, ವಿಶಾಲ ನಿನ್ನ ಮುಂದೆ ಒಂದೇ ಒಂದು ಮಾತೂ ಮುಗಿಸಿಲ್ಲ ಕಣೋ.”

ಗೋಪಾಲಕೃಷ್ಣ ತಟ್ಟೆ ಕೆಳಗಿಟ್ಟು ಕಾರು ಹತ್ತಿದ. ನಟರಾಜನನ್ನು ಕಳಿಸಿಕೊಡಲು ವಿಮಾನ ನಿಲ್ದಾಣಕ್ಕೂ ಹೋಗಲಿಲ್ಲ. ಅಲ್ಲಿಂದಾಚೆಗೆ ಫೋನಿಲ್ಲ, ಹಬ್ಬದ ಶುಭಾಶಯವಿಲ್ಲ. ಅವರ ಹೆಂಡತಿಯರಿಬ್ಬರು ಮಾತ್ರ ತಮ್ಮ ಪಾಡಿಗೆ ತಾವು ಮೆಸೇಜು ಕಳಿಸಿಕೊಂಡು ಇದ್ದರು. ಅದರ ಬಗ್ಗೆ ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ನಾಲ್ಕು ವರ್ಷದ ಹಿಂದೆ ಅವರ ಒಬ್ಬಳೇ ಮಗಳು ನಿಕಿತಾ ಬೆಂಟ್ಲಿಯ ವಿಶ್ವವಿದ್ಯಾಲಯಕ್ಕೆ ಸೇರಿದಳು. ಅಲ್ಲೇ ಹತ್ತಿರ, ಗೆಳತಿಯರ ಜೊತೆ ಹಂಚಿಕೊಂಡ ಬಾಡಿಗೆ ಮನೆಯಲ್ಲಿ ವಾಸ. ಸೇರಿದ ತಿಂಗಳಲ್ಲೇ ಕೆಂಡೊ ಕ್ಲಬ್‌ಗೆ ಹೆಸರು ಕೊಟ್ಟಳು. ಕೆಂಡೊ ಅಂದರೆ ಜಪಾನಿನ ಕತ್ತಿವರಸೆ. ಆಡುವುದು ಬಿದಿರಿನ ಕತ್ತಿಯಲ್ಲಿ, ತಲೆಗೆ ಕಬ್ಬಿಣದ ಜಾಲರಿಯ ಮುಖಕವಚ, ಎದೆಗೆ ಕವಚ, ಕೈಗೆ ದಪ್ಪ ಗವಸು. ಮಂಗಳವಾರ ಸಂಜೆ ಆರೂವರೆಗೆ ಅಭ್ಯಾಸ. ಆ ಮಂಗಳವಾರಗಳಲ್ಲೇ ವಿಶಾಲಾಕ್ಷಿ ಮಗಳಿಗೆ ಪುಳಿಯೋಗರೆ, ಪಲ್ಯ, ಚಪಾತಿಗಳ ಡಬ್ಬಿ ಕಟ್ಟುತ್ತಿದ್ದಳು. ಗೋಪಾಲಕೃಷ್ಣ ಫ್ರೀವೇ ಹಿಡಿದು ಅದನ್ನು ತಲುಪಿಸಬೇಕು. ಹೀಗೆ ಅವನು ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಬೆಂಚಿನ ಮೇಲೆ ಕೂತು, ಕಿರುಚುತ್ತ ಹೊಡೆದಾಡುವವರನ್ನು ನೋಡತೊಡಗಿದ.

ನೋಡಿದ ಮೇಲೆ ತಪ್ಪು ಕಾಣದೆ ಇರುತ್ತದೆಯೇ? ಮೂವರು ತೀರ್ಪುಗಾರರು ಕೈಯಲ್ಲಿ ಕೆಂಪು, ಬಿಳಿ ಬಾವುಟ ಹಿಡಿದು, ಪೆಟ್ಟು ಬಿತ್ತೋ ಇಲ್ಲವೋ ಎಂದು ಕಣ್ಣಂದಾಜಿನಲ್ಲಿ ಹೇಳುತ್ತಾರೆ. ಪೆಟ್ಟು ತಗುಲಿದರೂ ಒಮ್ಮೊಮ್ಮೆ ಪಾಯಿಂಟ್ ಇಲ್ಲ. ನಿಲುವು ಸರಿಯಿಲ್ಲ, ಮನಸ್ಸು ಅದರಲ್ಲಿರಲಿಲ್ಲ ಅಂತ. ಮನಸ್ಸು ಇತ್ತೋ ಇಲ್ಲವೋ ಬಾವುಟ ಹಿಡಿದವನಿಗೆ ಹೇಗೆ ಗೊತ್ತು? ಅವನು ಮನೆಗೆ ಬಂದು ಮೂರು ಪುಟದ ಇಮೇಲ್ ಬರೆದ. ಮುಖಕವಚದೊಳಗೆ ಸೆನ್ಸರ್ ಕೂರಿಸುವುದು ಹೇಗೆ, ತೀರ್ಪಿನ ತಪ್ಪನ್ನು ಶೇಕಡಾ ಎಷ್ಟು ತಗ್ಗಿಸಬಹುದು, ಎಲ್ಲವನ್ನೂ ಚಿತ್ರಸಮೇತ ವಿವರಿಸಿ ಕ್ಲಬ್‌ನ ಗುರುಗಳಿಗೆ ಕಳಿಸಿದ.

ಗುರುಗಳ ಹೆಸರು ಮಿಯಾಗಾವಾ. ಎಪ್ಪತ್ತು ದಾಟಿದ ಹೆಂಗಸು, ಗೋಪಾಲಕೃಷ್ಣನ ಭುಜದವರೆಗೂ ಬಾರದ ಎತ್ತರ, ಶಾಲೆಯೊಂದರಲ್ಲಿ ಲೈಬ್ರರಿಯನ್ ಆಗಿದ್ದು ನಿವೃತ್ತರಾದವರು. ಎಲ್ಲರೂ ಸೆನ್ಸೇ, ಅಂದರೆ ಗುರುವೇ, ಅಂತ ಕರೆಯುತ್ತಿದ್ದರು. ಅವರ ಉತ್ತರ ಒಂದೇ ಸಾಲಿನದು: ಮಂಗಳವಾರ ಆರೂವರೆಗೆ ಸಡಿಲ ಬಟ್ಟೆ ಹಾಕಿಕೊಂಡು ಬನ್ನಿ.

ಅವನು ಹೋದದ್ದು ಸೆನ್ಸರ್ ವಿಷಯ ಮಾತಾಡಲು. ಆದರೆ ಅವರು ಆ ವಿಷಯವನ್ನೇ ಎತ್ತದೆ, ಅವನನ್ನು ಗೋಡೆಯ ಪಕ್ಕ ನಿಲ್ಲಿಸಿ, ಕಾಲು ಎತ್ತದೆ ನೆಲಕ್ಕೆ ಸವರಿಕೊಂಡು ಮುಂದೆ ಹೋಗಿ ಎಂದರು. ಒಂದು ಗಂಟೆ ಅವನು ಹಾಗೆ ಮುಂದೆ ಹೋದ, ಹಿಂದೆ ಬಂದ. ಅಂಗಾಲಲ್ಲಿ ಬೊಬ್ಬೆ ಬಂತು. ನಿಕಿತಾ ಆ ಕಡೆ ಮುಖ ತಿರುಗಿಸಿಕೊಂಡು ನಗುತ್ತಿದ್ದಳು. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ವಿಶಾಲಾಕ್ಷಿ ಕೇಳಿದ್ದಕ್ಕೆ, ಒಳಗಿಳಿದು ನೋಡದೆ ತಪ್ಪು ತೋರಿಸುವುದು ನ್ಯಾಯವಲ್ಲ ಎಂದ. ಮುಂದಿನ ಮಂಗಳವಾರವೂ ಹೋದ, ಅದರ ಮುಂದಿನ ವಾರವೂ ಹೋದ.

ಎಂಟು ತಿಂಗಳಾದ ಮೇಲೆ ಅವನಿಗೆ ಕವಚ ತೊಡಿಸಿದರು. ಸೆನ್ಸೇ ಎದುರಿಗೆ ನಿಂತು, ಬಂದು ನನ್ನ ತಲೆಗೆ ಹೊಡೆಯಿರಿ ಎಂದರು. ಅವನು ನುಗ್ಗಿದ, ಅವರ ಕತ್ತಿಯ ತುದಿ ಅವನ ಗಂಟಲ ಬಳಿ ಇತ್ತು. ಮತ್ತೆ ನುಗ್ಗಿದ, ತಲೆಯ ಮೇಲೆ ಟಪ್ ಅಂತ ಬಿತ್ತು. ಐದು ಸಲ ನುಗ್ಗಿ ಐದು ಸಲವೂ ಪೆಟ್ಟು ತಿಂದ. ಸುಮ್ಮನಿರಲಾಗದೆ, ನಾನು ಸಿದ್ಧವಾಗುವ ಮೊದಲೇ ನೀವು ಹೊರಟಿರಿ, ಅದು ಲೆಕ್ಕಕ್ಕಿಲ್ಲ ಅಂದ.

ಸೆನ್ಸೇ ಕತ್ತಿ ಇಳಿಸಿದರು. “ಇದು ನಿಜವಾದ ಕತ್ತಿಯಾಗಿದ್ದರೆ ಈ ಮಾತು ಹೇಳೋಕೆ ನೀವು ಇರ್ತಿರಲಿಲ್ಲ. ಹಿಂದಿನ ಕಾಲದವರು ತಮ್ಮ ತಪ್ಪು ಎಲ್ಲಿತ್ತು ಅಂತ ತಿಳಿಯೋ ಹೊತ್ತಿಗೆ ಸತ್ತಿರ್ತಿದ್ದರು. ನಮಗೆ ಬಿದಿರು ಸಿಕ್ಕಿದೆ. ನಾವು ಸೋತು, ತಿಳಿದುಕೊಂಡು, ಮನೆಗೆ ಹೋಗಿ ಊಟ ಮಾಡಬಹುದು. ಹೊಡೆದವರು ನಿಮ್ಮ ಮನೆಯ ಯಾವ ಬಾಗಿಲು ತೆರೆದಿದೆ ಅಂತ ತೋರಿಸಿಕೊಟ್ಟಿದ್ದಾರೆ. ಅವರಿಗೆ ನಮಸ್ಕಾರ ಮಾಡಬೇಕು.”

ಇಷ್ಟು ಹೇಳಿ ತಾವೇ ಮೊದಲು ಅವನಿಗೆ ತಲೆಬಾಗಿದರು. ಅವನೂ ಬಾಗಿದ. ಸೊಂಟ ಬಾಗಿತೇ ಹೊರತು ಮನಸ್ಸು ಬಾಗಲಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ಅವರಿಗೂ ಗೊತ್ತಿದ್ದಿರಬೇಕು. ಆದರೂ ಆ ದಿನ ಕಾರು ಓಡಿಸಿಕೊಂಡು ಬರುವಾಗ, ಏನೋ ಒಂಥರಾ ಹಗುರವಾಗಿದೆ ಅನ್ನಿಸಿತು. ಐವತ್ತು ವರ್ಷದಲ್ಲಿ ಮೊದಲ ಸಲ ಅವನು ಸೋತಿದ್ದ, ಸೋತಿದ್ದೇಕೆ ಎಂದು ಯಾರಿಗೂ ವಿವರಿಸಬೇಕಾಗಿರಲಿಲ್ಲ.

ಎರಡನೆಯ ವರ್ಷದ ದಸರೆಯಲ್ಲಿ ಒಂದು ಸಂಗತಿ ನಡೆಯಿತು. ಆಯುಧಪೂಜೆಯ ದಿನ ವಿಶಾಲಾಕ್ಷಿ ಎಂದಿನಂತೆ ಕಾರು, ಮಿಕ್ಸಿ, ಲ್ಯಾಪ್‌ಟಾಪುಗಳ ಜೊತೆ ಬಿದಿರು ಕತ್ತಿಗೂ ಕುಂಕುಮ ಹಚ್ಚಿದಳು. ಮುಂದಿನ ಮಂಗಳವಾರ ಆ ಕೆಂಪು ಗುರುತು ಸೆನ್ಸೇ ಕಣ್ಣಿಗೆ ಬಿತ್ತು. ಇದೇನು ಎಂದು ಕೇಳಿದರು. ನಮ್ಮಲ್ಲಿ ವರ್ಷಕ್ಕೊಂದು ದಿನ ಆಯುಧಗಳನ್ನೆಲ್ಲ ತೊಳೆದಿಟ್ಟು, ಹೂವಿಟ್ಟು ಕೈಮುಗಿಯುತ್ತೇವೆ ಎಂದು ಅವನು ಹೇಳಿದ. ಆ ದಿನ ಉಪಯೋಗಿಸುವುದಿಲ್ಲವೇ ಎಂದು ಅವರು ಮತ್ತೆ ಕೇಳಿದರು. ಇಲ್ಲ, ಆ ದಿನ ಅವಕ್ಕೆ ಬಿಡುವು ಎಂದ. ಸೆನ್ಸೇ ಆ ಕೆಂಪು ಗುರುತನ್ನು ಬೆರಳಿಂದ ಮುಟ್ಟಿ ನೋಡಿ, ಹಾಗಾದರೆ ಇದೆಲ್ಲ ನಿಮಗೆ ಮೊದಲೇ ಗೊತ್ತು, ನಾನು ಹೊಸದೇನೂ ಕಲಿಸುತ್ತಿಲ್ಲ ಎಂದರು. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದಿದ್ದ ಪೂಜೆಗೆ, ಆಯುಧವನ್ನು ಉಪಯೋಗಿಸದೆ ಕೆಳಗಿಡುವುದೂ ಒಂದು ಕಲೆ ಎಂಬ ಅರ್ಥವಿರಬಹುದು ಎಂದು ಗೋಪಾಲಕೃಷ್ಣನಿಗೆ ಹೊಳೆದದ್ದು ಆವತ್ತೇ.

ಮರುವರ್ಷ ಆ ದಿನ ಸೆನ್ಸೇ ಕ್ಲಬ್‌ನ ಹದಿನಾರು ಬಿದಿರು ಕತ್ತಿಗಳನ್ನು ವ್ಯಾನಿನಲ್ಲಿ ತುಂಬಿಕೊಂಡು ಜೂಂಡಲಪ್‌ಗೆ ಬಂದರು. ಜೊತೆಗೆ ರೇಷ್ಮೆ ಚೀಲದಲ್ಲಿ ತಮ್ಮ ತಂದೆಯ ಕಾಲದ ನಿಜವಾದ ಕತ್ತಿ. ನಡುಮನೆಯಲ್ಲಿ ಜಮಖಾನೆ ಹಾಸಿ ಎಲ್ಲವನ್ನೂ ಸಾಲಾಗಿ ಇಟ್ಟರು. ವಿಶಾಲಾಕ್ಷಿ ಸೇವಂತಿಗೆ ಏರಿಸಿ ಮಂಗಳಾರತಿ ಮಾಡಿದಳು. ಕ್ಲಬ್‌ನ ಆಸ್ಟ್ರೇಲಿಯಾದ ಮಕ್ಕಳು, ಮಲೇಷ್ಯಾದ ಹುಡುಗಿ, ಎಲ್ಲರೂ ಸಾಲಾಗಿ ಮಂಡಿಯೂರಿ ಕೂತು, ಮನೆಯಲ್ಲಿ ಕೋಸಂಬರಿ ಮುಗಿಯುವವರೆಗೂ ತಿಂದರು. ಊಟವಾದ ಮೇಲೆ ಸೆನ್ಸೇ ಹಳೆಯ ಕತ್ತಿಯನ್ನು ಒರೆಯಿಂದ ಬೆರಳಗಲ ಎಳೆದು ವಿಶಾಲಾಕ್ಷಿಗೆ ತೋರಿಸಿದರು. ಐವತ್ತು ವರ್ಷದಿಂದ ದಿನವೂ ಇದನ್ನು ಎಳೆದು ಮತ್ತೆ ಒಳಗಿಟ್ಟಿದ್ದೇನೆ, ಒಂದು ಹುಲ್ಲುಕಡ್ಡಿಯನ್ನೂ ಕತ್ತರಿಸಿಲ್ಲ, ನನ್ನ ಸಾಧನೆ ಅಂದರೆ ಅಷ್ಟೇ ಎಂದರು. ವಿಶಾಲಾಕ್ಷಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಹೊರಡುವಾಗ ಅವರಿಗೆ ತನ್ನ ಮದುವೆಯ ಕಾಲದ ಕುಂಕುಮದ ಭರಣಿಯನ್ನೇ ಕೊಟ್ಟುಬಿಟ್ಟಳು.

ಈ ವರ್ಷ ಈಸ್ಟರ್ ರಜೆಯಲ್ಲಿ ಬ್ರಿಸ್ಬೇನ್‌ನಲ್ಲಿ ದೇಶಮಟ್ಟದ ಪಂದ್ಯಾವಳಿ. ನಿಕಿತಾ ಹೆಂಗಸರ ತಂಡದಲ್ಲಿ ಆಯ್ಕೆಯಾಗಿದ್ದಳು. ಐವತ್ತು ದಾಟಿದವರ ವಿಭಾಗದಲ್ಲಿ ಪರ್ತ್‌ನಿಂದ ಒಬ್ಬರು ಕಡಿಮೆ ಬಿದ್ದರು, ಗೋಪಾಲಕೃಷ್ಣನ ಹೆಸರು ಸೇರಿತು. ವಿಶಾಲಾಕ್ಷಿಯೂ ಆಸ್ಪತ್ರೆ ಲ್ಯಾಬಿನ ತನ್ನ ಕೆಲಸಕ್ಕೆ ರಜೆ ಹಾಕಿ ಹೊರಟಳು. ನಾಲ್ಕೂವರೆ ಗಂಟೆಯ ವಿಮಾನಯಾನದಲ್ಲಿ ಅವನು ಎದುರಾಳಿಯ ಕಣ್ಣನ್ನು ಹೇಗೆ ನೋಡಬೇಕು, ಉಸಿರು ಎಲ್ಲಿ ಹಿಡಿಯಬೇಕು ಎಂದು ಅವಳಿಗೆ ವಿವರಿಸುತ್ತಲೇ ಇದ್ದ.

ಬ್ರಿಸ್ಬೇನ್‌ನ ಆ ಕ್ರೀಡಾಂಗಣದಲ್ಲಿ ಬೆವರು, ಸೆಕೆ, ಎಂಟು ಅಂಕಣಗಳಿಂದ ಒಟ್ಟಿಗೇ ಏಳುವ ಕೂಗು. ಗೋಪಾಲಕೃಷ್ಣನ ಎದುರಾಳಿ ಕಾಲಿನ್ ಎಂಬ ಅರವತ್ತಾರರ ಮನುಷ್ಯ, ಅಡಿಲೇಡ್‌ನಲ್ಲಿ ಬಸ್ ಓಡಿಸಿ ನಿವೃತ್ತನಾದವನು, ಬಾಗಿಲು ತುಂಬುವಂಥ ಆಳು. ಎರಡು ಪಾಯಿಂಟ್ ಮೊದಲು ಪಡೆದವನು ಗೆದ್ದ ಹಾಗೆ. ಆಟ ಶುರುವಾಗಿ ಅರ್ಧ ನಿಮಿಷದಲ್ಲಿ ಕಾಲಿನ್ ಅವನ ಮುಂಗೈಗೆ ಹೊಡೆದು ಒಂದು ಪಾಯಿಂಟ್ ಪಡೆದ.

ಆಮೇಲೆ ನಡೆದದ್ದನ್ನು ಗೋಪಾಲಕೃಷ್ಣ ಎಷ್ಟೋ ಜನಕ್ಕೆ ಹೇಳಲು ಪ್ರಯತ್ನಿಸಿದ್ದಾನೆ, ಸರಿಯಾಗಿ ಹೇಳಲು ಬಂದಿಲ್ಲ. ಜಾಲರಿಯ ಹಿಂದೆ ಅವನ ತಲೆಯೊಳಗೆ ಯಾವಾಗಲೂ ಓಡುತ್ತಿದ್ದ ಮಾತು, ಯಾರಿಗೋ ಕೊಡಬೇಕಾದ ಉತ್ತರ, ಸಮರ್ಥನೆ, ಎಲ್ಲ ನಿಂತುಹೋಯಿತು. ಎದುರಿಗೆ ಒಬ್ಬ ಮನುಷ್ಯ ಇದ್ದ, ಅಷ್ಟೇ. ಅವನ ಎಡಗೈ ಕೂದಲೆಳೆಯಷ್ಟು ಸಡಿಲವಾದದ್ದು ಕಂಡಿತು. ಹೊಡೆಯಬೇಕು ಎಂದುಕೊಳ್ಳುವ ಮೊದಲೇ ಕಾಲು ನೆಲ ಒದ್ದಿತ್ತು, ಗಂಟಲಿನಿಂದ ಮೆನ್, ಅಂದರೆ ತಲೆ, ಎಂಬ ಕೂಗು ಹೊರಟಿತ್ತು, ಬಿದಿರು ಕಾಲಿನ್‌ನ ನೆತ್ತಿಯ ಮೇಲೆ ಬಿದ್ದಿತ್ತು. ಅವನ ಕಡೆಯ ಮೂರೂ ಬಿಳಿ ಬಾವುಟ ಒಟ್ಟಿಗೆ ಮೇಲೆದ್ದವು. ಪರ್ತ್‌ನ ಮೂರೂವರೆ ವರ್ಷದ ಮಂಗಳವಾರಗಳಲ್ಲಿ ಅವನ ಕೈಯಿಂದ ಅಂಥ ಪೆಟ್ಟು ಒಮ್ಮೆಯೂ ಬಿದ್ದಿರಲಿಲ್ಲ.

ಅವನು ಗ್ಯಾಲರಿಯ ಕಡೆ ತಿರುಗಿದ. ವಿಶಾಲಾಕ್ಷಿ ಎದ್ದು ನಿಂತಿದ್ದಳು. ಅವಳಿಗೆ ತೋರಿಸುವ ಹಾಗೆ ಮುಷ್ಟಿ ಬಿಗಿದು ಕೈ ಮೇಲೆತ್ತಿದ.

ತೀರ್ಪುಗಾರರು ಮೂವರೂ ಹತ್ತಿರ ಬಂದು ಏನೋ ಮಾತಾಡಿಕೊಂಡರು. ಮುಖ್ಯ ತೀರ್ಪುಗಾರ ಎರಡೂ ಬಾವುಟಗಳನ್ನು ಕೆಳಗೆ ಅಡ್ಡಡ್ಡ ಬೀಸಿದ. ಪಾಯಿಂಟ್ ರದ್ದು. ಕೆಂಡೊದಲ್ಲಿ ಗೆದ್ದ ಸಂಭ್ರಮ ತೋರಿಸಿದರೆ ಗೆಲುವು ನಿಲ್ಲುವುದಿಲ್ಲ. ಇದು ಮೊದಲ ವಾರವೇ ಹೇಳಿಕೊಟ್ಟಿದ್ದ ನಿಯಮ. ಗೋಪಾಲಕೃಷ್ಣ ಬಾಯಿ ತೆರೆದ. ಹೇಳಲು ಕಡಿಮೆಯೆಂದರೆ ಮೂರು ವಾದ ಇದ್ದವು. ಜಾಲರಿಯ ಆಚೆ ಕಾಲಿನ್ ಅಲುಗಾಡದೆ, ಕತ್ತಿ ಎತ್ತಿ ಹಿಡಿದು, ಅವನಿಗಾಗಿ ಕಾಯುತ್ತಿದ್ದ. ಗೋಪಾಲಕೃಷ್ಣ ಬಾಯಿ ಮುಚ್ಚಿ ತನ್ನ ಗೆರೆಗೆ ಹೋಗಿ ನಿಂತ. ಮುಂದಿನ ನಿಮಿಷದಲ್ಲಿ ಕಾಲಿನ್ ಎರಡನೆಯ ಪಾಯಿಂಟ್ ಪಡೆದ. ಇಬ್ಬರೂ ತಲೆಬಾಗಿ ಹೊರಬಂದರು.

ಅಂಕಣದ ಪಕ್ಕ ಕೂತು ಮುಖಕವಚ ಬಿಚ್ಚುವಾಗ ನಿಕಿತಾ ಓಡಿಬಂದಳು. ತುಟಿ ಬಿಗಿ ಹಿಡಿದು ನಗು ತಡೆಯುತ್ತಿದ್ದಾಳೆ ಎಂದು ಗೊತ್ತಾಯಿತು. ಅಪ್ಪ ಸಿಟ್ಟಾಗಬಹುದು ಅಂತ ಅವಳಿಗೆ ಭಯ. ಗೋಪಾಲಕೃಷ್ಣ ಅವಳ ಮುಖ ನೋಡಿ ತಾನೇ ಮೊದಲು ನಕ್ಕುಬಿಟ್ಟ. ಅಪ್ಪ ಮಗಳು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸೆನ್ಸೇ ಬಂದು ಪಕ್ಕದಲ್ಲಿ ಕೂತರು.

“ಪೆಟ್ಟು ಬಹಳ ಚೆನ್ನಾಗಿತ್ತು,” ಎಂದರು. “ಅದಾದ ಮೇಲೆ ನೀವು ಎಲ್ಲಿಗೆ ಹೋದಿರಿ? ಅವರು ಇನ್ನೂ ನಿಮ್ಮೆದುರಿಗೇ ನಿಂತಿದ್ದರು.”

ಸೋತವನ ಎದುರಿಗೆ ನಿಂತುಕೊಳ್ಳುವುದು, ಗೆದ್ದ ಮೇಲೂ ಅವನನ್ನು ಬಿಟ್ಟು ಹೋಗದೆ ಇರುವುದು. ಕತ್ತಿಯ ಕಲೆಯಲ್ಲಿ ಇದನ್ನೂ ಕಲಿಯಬೇಕು ಎಂದು ಅವನಿಗೆ ಅನ್ನಿಸಿರಲೇ ಇಲ್ಲ.

ಅರ್ಧ ಗಂಟೆಯ ನಂತರ ಕಾಲಿನ್ ಹುಡುಕಿಕೊಂಡು ಬಂದ. ಕವಚ ಬಿಚ್ಚಿದ್ದ, ನೆತ್ತಿ ಸವರಿಕೊಳ್ಳುತ್ತಿದ್ದ. ಬಂದವನೇ ಎರಡು ಕೈ ತೊಡೆಗೆ ಹಚ್ಚಿ ತಲೆಬಾಗಿ, ಧನ್ಯವಾದ ಹೇಳಲು ಬಂದೆ ಎಂದ. ಎಡಗೈ ಸಡಿಲ ಬಿಡುತ್ತೀಯ ಎಂದು ಅವನ ಕ್ಲಬ್‌ನವರು ಹದಿನೈದು ವರ್ಷದಿಂದ ಹೇಳುತ್ತಿದ್ದರಂತೆ. ಅವನು ನಂಬಿರಲಿಲ್ಲವಂತೆ. ಬಾವುಟ ಏನು ಹೇಳಿತೋ ನನಗೆ ಬೇಡ, ನನ್ನ ತಲೆಗೆ ಗೊತ್ತು, ಅದು ಸರಿಯಾದ ಪೆಟ್ಟು ಎಂದು ಹೇಳಿ, ಕೈಕುಲುಕಿ, ಕಾಫಿ ಹುಡುಕಿಕೊಂಡು ಹೊರಟುಹೋದ.

ಆ ಸಂಜೆ ಗೋಪಾಲಕೃಷ್ಣ ಮತ್ತು ವಿಶಾಲಾಕ್ಷಿ ನದಿಯ ದಂಡೆಯಲ್ಲಿ ನಡೆಯುತ್ತಿದ್ದರು. ನಿಕಿತಾಳ ತಂಡ ಮೂರನೆಯ ಸ್ಥಾನ ಗೆದ್ದಿತ್ತು. ಅವಳು ಗೆಳತಿಯರ ಜೊತೆ ಸ್ವಲ್ಪ ಹಿಂದೆ ಬರುತ್ತಿದ್ದಳು. ಬಿಸಿಲು ಇನ್ನೂ ಇತ್ತು. ದೋಣಿಗಳು ಓಡಾಡುತ್ತಿದ್ದವು. ಗೋಪಾಲಕೃಷ್ಣನ ತಲೆಯಲ್ಲಿ ಕಾಲಿನ್‌ನ ಮಾತೇ ತಿರುಗುತ್ತಿತ್ತು. ಪೆಟ್ಟು ತಿಂದವನು, ಅದೂ ಗೆದ್ದವನು, ಹುಡುಕಿಕೊಂಡು ಬಂದು ನಮಸ್ಕಾರ ಮಾಡಿ ಹೋದ. ತನಗೂ ಒಬ್ಬ ಹೊಡೆದಿದ್ದ. ತಾನು ತಟ್ಟೆ ಕೆಳಗಿಟ್ಟು ಕಾರು ಹತ್ತಿದ್ದ.

ಅವನು ನಿಂತು ಕೇಳಿದ: “ವಿಶಾಲ, ಆವತ್ತು ಪಾರ್ಕಲ್ಲಿ ನಟರಾಜ ಹೇಳಿದ್ದು ನಿಜವಾ?”

ಅವಳು ನೀರಿನ ಕಡೆ ನೋಡಿದಳು. ಅವನಿಗೆ ಆ ಮೌನದೊಳಗೆ ಮಾತು ತುಂಬಬೇಕು ಎಂದು ನಾಲಿಗೆ ತುದಿಗೆ ಬಂತು, ತುಂಬಲಿಲ್ಲ. ಒಂದು ದೋಣಿ ಪೂರ್ತಿ ದಾಟಿಹೋಗುವವರೆಗೆ ಕಾದ.

“ನಿಜ ರೀ,” ಅಂದಳು. ಸಿಟ್ಟಿಲ್ಲದೆ, ಸಮಯ ಎಷ್ಟು ಎಂದು ಕೇಳಿದವರಿಗೆ ಹೇಳುವ ಹಾಗೆ.

ಅವನು ತಲೆಯಾಡಿಸಿದ. ಸ್ವಲ್ಪ ದೂರ ನಡೆದ ಮೇಲೆ, ಅಡಿಲೇಡ್ ಮೇಲೆ ಹಾದು ಮನೆಗೆ ಹೋಗಬಹುದಲ್ಲವೇ ಎಂದು ಕೇಳಿದ. ನಿಕಿತಾ ಅಲ್ಲೇ ನಿಂತು ಫೋನಿನಲ್ಲಿ ಟಿಕೆಟ್ ಬದಲಾಯಿಸಿದಳು. ವಿಶಾಲಾಕ್ಷಿ ನಟರಾಜನ ಹೆಂಡತಿ ರುಕ್ಮಿಣಿಗೆ ಫೋನ್ ಮಾಡಿದಳು. ಆ ಕಡೆಯಿಂದ ರುಕ್ಮಿಣಿಯ ಧ್ವನಿ ಫೋನ್ ಹಿಡಿಯದವರಿಗೂ ಕೇಳಿಸಿತು. ಎಷ್ಟು ಗಂಟೆಗೆ ಬರ್ತೀರಿ, ಅನ್ನ ಎಷ್ಟು ಇಡಲಿ, ಇವೆರಡೇ ಅವಳ ಪ್ರಶ್ನೆ.

ಮರುದಿನ ಮಧ್ಯಾಹ್ನ ಅಡಿಲೇಡ್‌ನ ವಿಮಾನ ನಿಲ್ದಾಣಕ್ಕೆ ನಟರಾಜ್ ತಾನೇ ಬಂದಿದ್ದ. ತಲೆಯ ಮುಂಭಾಗದ ಕೂದಲು ಪೂರ್ತಿ ಹೋಗಿತ್ತು. ಗೋಪಾಲಕೃಷ್ಣ ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತನ್ನು ಹೇಳಲು ನಿಂತ. ನಟರಾಜ್ ಅದಕ್ಕೆ ಅವಕಾಶವನ್ನೇ ಕೊಡದೆ, ಕತ್ತಿಯ ಉದ್ದನೆಯ ಚೀಲವನ್ನು ಕಸಿದುಕೊಂಡು, ಮೀನು ಹಿಡಿಯಲು ಹೋಗಿದ್ದೆಯಾ ಎಂದು ಕೇಳಿ, ಒಂದೇ ಕೈಯಲ್ಲಿ ಅವನನ್ನು ತಬ್ಬಿಕೊಂಡು ಬೆನ್ನು ತಟ್ಟಿದ. ಮಾಡ್ಬರಿಯವರೆಗೂ ಇಬ್ಬರೂ ರಸ್ತೆ ರಿಪೇರಿಯ ವಿಷಯವನ್ನೇ ಮಾತಾಡಿದರು.

ಊಟವಾದ ಮೇಲೆ ಎಲ್ಲರೂ ಹಿತ್ತಲಲ್ಲಿ ನಿಂಬೆ ಗಿಡದ ಪಕ್ಕ ಕಾಫಿ ಹಿಡಿದು ಕೂತಾಗ ಗೋಪಾಲಕೃಷ್ಣ ಎದ್ದು ನಿಂತ. ಕಾಫಿ ಲೋಟ ಕೆಳಗಿಟ್ಟ. “ನಟ, ಆವತ್ತು ಪಾರ್ಕಲ್ಲಿ ನೀನು ಹೊಡೆದ ಪೆಟ್ಟು ಸರಿಯಾಗೇ ಬಿದ್ದಿತ್ತು. ಥ್ಯಾಂಕ್ಸ್ ಹೇಳೋಕೆ ನಂಗೆ ಎಂಟು ವರ್ಷ ಹಿಡೀತು.” ಅಂದು, ಸೆನ್ಸೇ ಕಲಿಸಿದಂತೆ ಸೊಂಟದಿಂದ ಬಾಗಿದ.

ನಟರಾಜ್ ಕಪ್ಪು ಹಿಡಿದುಕೊಂಡೇ ಹೆಂಡತಿಯ ಮುಖ ನೋಡಿದ. “ಯಾವ ಪೆಟ್ಟೋ? ನಾನೆಲ್ಲಿ ಹೊಡೆದೆ?”

ಅವನಿಗೆ ಅದು ನೆನಪೇ ಇರಲಿಲ್ಲ. ಗೋಪಿ ಸಿಟ್ಟಾದದ್ದು ಗ್ರೈಂಡರ್‌ಗೆ ಎಂದು ಅವನು ಇಷ್ಟು ವರ್ಷ ತಿಳಿದುಕೊಂಡಿದ್ದ. ಒಟ್ಟಿಗೆ ಒಂದೇ ಮನೆಯಲ್ಲಿದ್ದ ಕಾಲದಲ್ಲಿ ಊರಿಂದ ತರಿಸಿದ್ದ ಕಲ್ಲಿನ ಗ್ರೈಂಡರ್, ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ನಟರಾಜನ ಲಾರಿ ಹತ್ತಿ ಅಡಿಲೇಡ್ ಸೇರಿತ್ತು. ಇಲ್ಲಿ ಬಂದು ನೋಡಿದ ಮೇಲೆ ಅವನಿಗೆ ನಾಚಿಕೆಯಾಗಿ, ಹಳೆಯ ದುಪ್ಪಟಿ ಸುತ್ತಿ ಗರಾಜಿನಲ್ಲಿ ಇಟ್ಟುಬಿಟ್ಟಿದ್ದ. ಅದರಲ್ಲಿ ಒಂದು ದಿನವೂ ಹಿಟ್ಟು ರುಬ್ಬಲು ರುಕ್ಮಿಣಿಗೆ ಬಿಟ್ಟಿರಲಿಲ್ಲ. ನೀವು ಆ ಮಾತು ಹೇಳಿದ್ದು ಹೌದು, ಕಾರಲ್ಲಿ ನಾನು ಅದಕ್ಕೇ ಬೈದಿದ್ದೆ, ನಿಮಗೆ ನನ್ನ ಬೈಗುಳವೂ ನೆನಪಿಲ್ಲ ಎಂದು ರುಕ್ಮಿಣಿ ನಗುತ್ತ ಹೇಳಿದಳು. ಗೋಪಾಲಕೃಷ್ಣ ಗರಾಜಿಗೆ ಹೋಗಿ ದುಪ್ಪಟಿ ಸರಿಸಿ ನೋಡಿದ. ಗ್ರೈಂಡರ್‌ನ ನೆನಪು ಅವನಿಗೂ ಇರಲಿಲ್ಲ. ಇಬ್ಬರು ಗಂಡಸರೂ ಅದರ ಎರಡು ಪಕ್ಕ ನಿಂತು, ಇದಕ್ಕೇನಾ ಎಂಟು ವರ್ಷ ಎಂದುಕೊಂಡು, ಒಬ್ಬರ ಮೇಲೊಬ್ಬರು ಬೀಳುವ ಹಾಗೆ ನಕ್ಕರು.

ಹಿತ್ತಲಿಗೆ ವಾಪಸು ಬಂದ ಮೇಲೆ ನಟರಾಜ್, ಅದೇನು ಕತ್ತಿ, ತೋರಿಸು ಎಂದ. ಗೋಪಾಲಕೃಷ್ಣ ಮುಖಕವಚ, ಎದೆಕವಚ ತೊಟ್ಟು ನಿಂತು ಬಿದಿರನ್ನು ಅವನ ಕೈಗೆ ಕೊಟ್ಟು, ಹೊಡಿ ಅಂದ. ನಟರಾಜ್ ಮೊದಲ ಸಲ ರೋಗಿಯ ಮೈ ಮುಟ್ಟಿ ನೋಡುವ ಹಾಗೆ ತಟ್ಟಿದ. ಎರಡನೆಯ ಸಲ ಸರಿಯಾಗಿ ಬಾರಿಸಿದ. ಗೋಪಾಲಕೃಷ್ಣ ಬಾಗಿ ನಮಸ್ಕರಿಸಿದ. ನಟರಾಜನಿಗೆ ಖುಷಿಯಾಗಿ ಇನ್ನೂ ನಾಲ್ಕು ಹಾಕಿದ. ರುಕ್ಮಿಣಿ ಎರಡು ಹೊಡೆದಳು. ಅವಳಿಗೂ ನಮಸ್ಕಾರ ಸಿಕ್ಕಿತು.

ವಿಶಾಲಾಕ್ಷಿ ಕಾಫಿ ಲೋಟ ಹುಲ್ಲಿನ ಮೇಲಿಟ್ಟು ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಕೊಡಿ ಇಲ್ಲಿ.”

ನಿಕಿತಾ ಅಮ್ಮನಿಗೆ ಎಡಗೈ ಕೆಳಗೆ, ಬಲಗೈ ಮೇಲೆ ಎಂದು ಹಿಡಿಯುವುದನ್ನು ತೋರಿಸಿ ಹಿಂದೆ ಸರಿದಳು. ವಿಶಾಲಾಕ್ಷಿ ಕತ್ತಿಯನ್ನು ನಿಧಾನವಾಗಿ ತಲೆಯ ಮೇಲಕ್ಕೆತ್ತಿ ಗಂಡನ ಕಣ್ಣು ನೋಡಿದಳು. ನಂತರ ಇಳಿಸಿದಳು. ಆ ಸದ್ದಿಗೆ ಪಕ್ಕದ ಮನೆಯ ನಾಯಿ ಬೊಗಳಿತು.

“ಎರಡು ವಾರದ ಹಿಂದೆ ನನ್ನನ್ನ ಲ್ಯಾಬ್‌ಗೆ ಹೆಡ್ ಮಾಡಿದಾರೆ ರೀ,” ಅಂದಳು. “ಆಸ್ಪತ್ರೆ ಲ್ಯಾಬ್ ಪೂರ್ತಿ. ಮೂವತ್ತೊಂದು ಜನ ನನ್ನ ಕೈಕೆಳಗೆ. ನಿಮಗೆ ಹೇಳ್ಬೇಕು ಅಂತ ಮೂರು ಸಲ ಶುರು ಮಾಡ್ದೆ.”

ಜಾಲರಿಯ ಹಿಂದೆ ಗೋಪಾಲಕೃಷ್ಣನ ಬಾಯಿ ತೆರೆದುಕೊಂಡಿತ್ತು. ಯಾವಾಗ, ಯಾವ ದಿನ, ಹಾಗೆ ಹೇಳಿದ್ದರೆ ನಾನು ಕೇಳುತ್ತಿರಲಿಲ್ಲವೇ, ಎಲ್ಲ ಪ್ರಶ್ನೆಯೂ ಸಾಲು ಹಿಡಿದು ನಿಂತಿದ್ದವು. ಅವನು ಎಲ್ಲಿಗೂ ಹೋಗಲಿಲ್ಲ. ತನ್ನೆದುರಿಗೆ, ಬಿದಿರು ಕತ್ತಿ ಹಿಡಿದು, ಕೆನ್ನೆ ಕೆಂಪಾಗಿ ನಿಂತಿದ್ದ ಹೆಂಗಸನ್ನು ನೋಡುತ್ತ ನಿಂತ. ಇಪ್ಪತ್ತೈದು ವರ್ಷ ಜೊತೆಗಿದ್ದವಳು ಎಷ್ಟು ಚೆನ್ನಾಗಿ ನಿಂತಿದ್ದಾಳೆ ಎಂದು ಬೆರಗಾಯಿತು. ಆಮೇಲೆ ಬಾಗಿದ. ಸೊಂಟಕ್ಕಿಂತ ಮೊದಲು ಮನಸ್ಸು ಬಾಗಿದ್ದು ಅವನಿಗೇ ತಿಳಿಯಿತು. ಮೇಲೇಳಲು ಸ್ವಲ್ಪ ಹೊತ್ತು ಹಿಡಿಯಿತು.

“ಪೂರ್ತಿ ಹೇಳು,” ಅಂದ.

ಅವಳು ಹೇಳಿದಳು. ಅರ್ಜಿ ಹಾಕಿದ್ದು, ಸಂದರ್ಶನದಲ್ಲಿ ಕೇಳಿದ ಪ್ರಶ್ನೆ, ತಾನು ಕೊಟ್ಟ ಉತ್ತರ, ಆವತ್ತು ಹಾಕಿಕೊಂಡಿದ್ದ ನೀಲಿ ಕುರ್ತಾ, ಫಲಿತಾಂಶ ಬಂದಾಗ ಬಾತ್‌ರೂಮಿನಲ್ಲಿ ಒಬ್ಬಳೇ ಕುಣಿದದ್ದು. ಇಪ್ಪತ್ತು ನಿಮಿಷ ಹಿಡಿಯಿತು. ಗೋಪಾಲಕೃಷ್ಣ ಕವಚ ಬಿಚ್ಚದೆ ಹುಲ್ಲಿನ ಮೇಲೆ ಕೂತು ಕೇಳಿದ. ಮಧ್ಯೆ ಒಂದು ಕಡೆ ಅವಳು ತಿಂಗಳ ಹೆಸರು ತಪ್ಪು ಹೇಳಿದಳು, ಆಮೇಲೆ ತಾನೇ ಸರಿಮಾಡಿಕೊಂಡಳು. ಮುಗಿದಾಗ ನಿಕಿತಾ ಅಮ್ಮನನ್ನು ಅಪ್ಪಿಕೊಂಡು, ಅಪರೂಪಕ್ಕೆ ಕನ್ನಡದಲ್ಲೇ, “ಅಮ್ಮ, ನಂಗೂ ಹೇಳ್ಲಿಲ್ಲ ನೀನು,” ಅಂದಳು. ರುಕ್ಮಿಣಿ ಶ್ಯಾವಿಗೆ ಪಾಯಸಕ್ಕೆ ಹಾಲಿಡಲು ಒಳಗೆ ಓಡಿದಳು. ನಟರಾಜ್ ಚಪ್ಪಾಳೆ ಹೊಡೆದ. ಗೋಪಾಲಕೃಷ್ಣ ಮುಖಕವಚ ಬಿಚ್ಚಿದಾಗ ಅವನ ಮುಖ ಒದ್ದೆಯಾಗಿತ್ತು. ಬೆವರು ಎಂದು ಅವನು ಹೇಳಿಕೊಂಡ, ಯಾರೂ ಅದನ್ನು ತಿದ್ದಲಿಲ್ಲ.

ಎರಡು ದಿನ ಅಲ್ಲೇ ಉಳಿದರು. ಎರಡನೆಯ ದಿನ ಎಲ್ಲರೂ ಟ್ರಾಮ್ ಹತ್ತಿ ಗ್ಲೆನೆಲ್ಗ್‌ನ ಕಡಲತೀರಕ್ಕೆ ಹೋದರು. ಕೈಯಲ್ಲಿ ಐಸ್‌ಕ್ರೀಮ್ ಹಿಡಿದು ಕಟ್ಟೆಯ ಮೇಲೆ ಸಾಲಾಗಿ ಕೂತಾಗ ನಟರಾಜ್ ಕಡಲ ನೀರು ಈಗ ಇಳಿಯುತ್ತಿದೆ ಎಂದ. ಏರುತ್ತಿದೆ ಎಂದು ಗೋಪಾಲಕೃಷ್ಣನ ಬಾಯಿಂದ ಬಂದೇಬಿಟ್ಟಿತು. ಹತ್ತು ನಿಮಿಷ ಇಬ್ಬರೂ ಜೋರಾಗಿ ವಾದಿಸಿದರು, ದಡದ ಮೇಲೆ ಒಂದು ಚಪ್ಪಲಿ ಇಟ್ಟು ಪರೀಕ್ಷೆ ಮಾಡಿದರು. ನೀರು ಚಪ್ಪಲಿಯಿಂದ ದೂರ ದೂರ ಸರಿಯುತ್ತ ಹೋಯಿತು. ಸೋತೆ ಎಂದು ಗೋಪಾಲಕೃಷ್ಣ ಒಪ್ಪಿಕೊಂಡು, ವಿಶಾಲಾಕ್ಷಿಯ ಪಕ್ಕಕ್ಕೆ ಸರಿದು ಕೂತು, ಹೊಸ ಕೆಲಸ ಯಾವ ಸೋಮವಾರದಿಂದ ಶುರು ಎಂದು ಕೇಳಿದ. ಅವಳು ಹೇಳತೊಡಗಿದಳು.